ಲೇಖಕರನ್ನು ಮೈಕಿನ ಮುಂದೆ ಕೂರಿಸುವ ಮುನ್ನ

ಪ್ರಿಯ ಗೆಳೆಯಾ,

ರೇಡಿಯೊದಲ್ಲಿ ಲೇಖಕರ ಜೊತೆ ಮಾತುಕತೆಯ ಸರಣಿ ಶುರು ಮಾಡುತ್ತೇನೆ ಅಂತ ಬರೆದು, ಉದ್ದನೆಯ ಪ್ರಶ್ನೆಪಟ್ಟಿಯನ್ನೂ ಕಳಿಸಿದ್ದೀಯ. ಮೊದಲು ಆ ಪಟ್ಟಿಯನ್ನು ಮಡಚಿಡು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಶೀರ್ಷಿಕೆ ಸಂಗೀತ, ಪರಿಚಯ, ಮುಕ್ತಾಯ ಕಳೆದರೆ ಮಾತಿಗೆ ಉಳಿಯುವುದು ಹೆಚ್ಚೆಂದರೆ 26 ನಿಮಿಷ. ಪುಸ್ತಕದ ಒಂದು ಭಾಗ ಓದಿಸಿದರೆ ಇನ್ನೆರಡು ನಿಮಿಷ ಹೋಯಿತು. ಒಂದೊಂದು ಉತ್ತರಕ್ಕೆ ಮೂರು ನಿಮಿಷ ಹಿಡಿದರೂ ಎಂಟೇ ಪ್ರಶ್ನೆ. ಪಟ್ಟಿ ಉದ್ದವಾದಷ್ಟೂ ಗಮನವೆಲ್ಲ ಮುಂದಿನ ಪ್ರಶ್ನೆಯ ಮೇಲೆ. ಲೇಖಕರು ತಡವರಿಸಿ ಹೊಸದೇನೋ ಹೇಳಹೊರಟಾಗ ನೀನು "ಸರಿ, ಈಗ ಶಿಕ್ಷಣದ ವಿಚಾರಕ್ಕೆ ಬರೋಣ" ಅಂದುಬಿಡುತ್ತೀಯ. ಎದುರಿಗಿರುವವರು ಸುಮ್ಮನಿದ್ದಾರು, ಕೇಳುಗರು ಬಿಡುವುದಿಲ್ಲ.

ಪುಸ್ತಕವನ್ನು ಪೂರ್ತಿ ಓದು. ಬೆನ್ನುಡಿ ಓದಿಕೊಂಡು ಬಂದವರನ್ನು ಲೇಖಕರು ಎರಡನೇ ಪ್ರಶ್ನೆಗೇ ಪತ್ತೆಹಚ್ಚಿ, ಎಲ್ಲ ಕಡೆ ಹೇಳಿದ ಉತ್ತರವನ್ನೇ ಒಪ್ಪಿಸಿ ಎದ್ದು ಹೋಗುತ್ತಾರೆ. ಓದುವಾಗ ಮೂರು ಬಗೆಯ ಜಾಗಕ್ಕೆ ಗುರುತು ಹಾಕು: ಕಣ್ಣಿಗೆ ಕಟ್ಟುವ ಒಂದು ದೃಶ್ಯ, ನಂಬಲು ಕಷ್ಟವಾಗುವ ಒಂದು ಅಂಕಿ, ಲೇಖಕರು "ಬಹುಶಃ" ಅಂತ ಹಿಂಜರಿದ ಒಂದು ವಾಕ್ಯ. ಪ್ರಶ್ನೆಗಳು ಅಲ್ಲಿಂದಲೇ ಹುಟ್ಟಲಿ.

ವಲಸೆಯ ಬಗ್ಗೆ ಪುಸ್ತಕ ಅಂದುಕೋ. "ವಲಸೆಯ ಸಮಸ್ಯೆ ಬಗ್ಗೆ ಸ್ವಲ್ಪ ಹೇಳಿ" ಅಂದರೆ ಹತ್ತು ನಿಮಿಷದ ಭಾಷಣ ಗ್ಯಾರಂಟಿ. ಅದರ ಬದಲು, "ಒಬ್ಬಾಕೆ ಮನೆಯ ಬೀಗದ ಕೈಯನ್ನು ಪಕ್ಕದವರಿಗೆ ಕೊಟ್ಟು ಬಸ್ಸು ಹತ್ತುತ್ತಾಳೆ ಅಂತ ಬರೆದಿದ್ದೀರಿ. ಆಕೆ ವಾಪಸ್ ಬಂದಳಾ?" ಅಂತ ಕೇಳು. ಪುಸ್ತಕ ಓದದವರಿಗೂ ಬಾಗಿಲು, ಬೀಗ, ಬಸ್ಸು ಕಾಣಿಸುತ್ತವೆ. ಆಕೆಯ ಕಥೆ ಹೇಳುತ್ತಲೇ ಲೇಖಕರು ಕೂಲಿ, ಬಾಡಿಗೆ, ಮಕ್ಕಳ ಶಾಲೆಗೆ ತಾವಾಗಿಯೇ ಬರುತ್ತಾರೆ. ಪುಟದ ಸಂಖ್ಯೆ ನಿನ್ನ ಚೀಟಿಯಲ್ಲಿರಲಿ, ಪ್ರಸಾರದಲ್ಲಿ ಅದನ್ನು ಹೇಳಿ ಪ್ರಯೋಜನವಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಎರಡು ಪೋಣಿಸಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ.

ಸಾರ್ವಜನಿಕ ವಿಚಾರಗಳಲ್ಲಿ ಹೆಚ್ಚು ಎಚ್ಚರ ಬೇಕು. ಓದುಗರಿಗೆ ಅಡಿಟಿಪ್ಪಣಿ ಇರುತ್ತದೆ, ಕೇಳುಗರಿಗೆ ಇಲ್ಲ. ಲೇಖಕರು ಕಣ್ಣಾರೆ ಕಂಡದ್ದು, ಯಾರಿಂದಲೋ ಕೇಳಿದ್ದು, ತಾವೇ ಊಹಿಸಿದ್ದು, ಮೂರೂ ಒಂದೇ ದನಿಯಲ್ಲಿ ಬರುತ್ತವೆ. ಬೇರ್ಪಡಿಸಲು "ಇದು ನಿಮಗೆ ಹೇಗೆ ಗೊತ್ತಾಯಿತು?" ಅನ್ನುವ ಒಂದು ಪ್ರಶ್ನೆ ಸಾಕು, ಅದನ್ನು ಮೆತ್ತಗೆ ಕೇಳಬೇಕು. ಅಲ್ಲಿಲ್ಲದ ವ್ಯಕ್ತಿಯ ಮೇಲೆ ಆರೋಪ ಬಂದರೆ, ಧ್ವನಿಮುದ್ರಣವಾದರೆ ಆ ಕಡೆಯವರ ಉತ್ತರ ತರಿಸು, ಇಲ್ಲವೇ ಆ ಭಾಗ ತೆಗೆ. ನೇರ ಪ್ರಸಾರವಾದರೆ ಇದು ಲೇಖಕರ ಅಭಿಪ್ರಾಯ, ಇನ್ನೊಂದು ಪಕ್ಷ ಇಲ್ಲಿಲ್ಲ ಅಂತ ಅಲ್ಲೇ ಹೇಳು.

ಅಮೆರಿಕದಲ್ಲಿ 1975ರಿಂದ 'ಫ್ರೆಶ್ ಏರ್' ಅನ್ನುವ ರೇಡಿಯೊ ಸಂದರ್ಶನ ಕಾರ್ಯಕ್ರಮ ನಡೆಸುತ್ತಿರುವ ಟೆರ್ರಿ ಗ್ರಾಸ್ ಅವರ ಒಂದು ಪದ್ಧತಿ ನನಗೆ ಇಷ್ಟ. ತೀರಾ ಖಾಸಗಿ ಅನ್ನಿಸಿದ ಪ್ರಶ್ನೆ ಬೇಡವೆನ್ನಬಹುದು ಅಂತ ಅತಿಥಿಗೆ ಮೊದಲೇ ತಿಳಿಸುತ್ತಾರೆ. ರಾಜಕಾರಣಿಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ. ನೀನೂ ಹಾಗೆ ಮಾಡು. ಆದರೆ ಪ್ರಶ್ನೆಗಳನ್ನೇ ಮುಂಚಿತವಾಗಿ ಕಳಿಸಬೇಡ, ಬರೆದುಕೊಂಡು ಬಂದು ಓದುತ್ತಾರೆ. ಚರ್ಚೆಯಾಗುವ ವಿಷಯಗಳನ್ನು ತಿಳಿಸಿದರೆ ಸಾಕು.

ಇನ್ನು ಧ್ವನಿ. ಬಾಯಿಗೂ ಮೈಕಿಗೂ ಸುಮಾರು 15ರಿಂದ 20 ಸೆಂಟಿಮೀಟರ್ ಅಂತರವಿರಲಿ. ಮೈಕನ್ನು ಸ್ವಲ್ಪ ಓರೆಯಾಗಿಡು, ನೇರಕ್ಕಿಟ್ಟರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿದು 'ಧಪ್' ಅನ್ನುತ್ತದೆ. ಇಬ್ಬರ ಧ್ವನಿಯೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಮುದ್ರಣವಾಗಬೇಕು. ಮಾತು ಏರಿದಾಗಲೂ ಧ್ವನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಲೇಖಕರು ಓದುವ ಭಾಗವನ್ನು ಬಿಡಿ ಹಾಳೆಗಳಲ್ಲಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡು. ಪುಟ ತಿರುವಿದ ಸದ್ದು ಮಾತಿನ ಮೇಲೆ ಬಿದ್ದರೆ ತೆಗೆಯಲಾಗದು. ಮಾತಿನ ನಡುವೆ ನಿನ್ನ "ಹೂಂ... ಹೌದೌದು" ಬೇಡವೇ ಬೇಡ, ತಲೆಯಾಡಿಸು. ಕೊನೆಗೆ ಎಲ್ಲರೂ ಸುಮ್ಮನಿದ್ದು ಕೋಣೆಯ ಬರೀ ಸದ್ದನ್ನು ಅರ್ಧ ನಿಮಿಷ ಮುದ್ರಿಸಿಕೋ. ಕತ್ತರಿಸಿದ ಜಾಗಕ್ಕೆ ಅದನ್ನು ತುಂಬದಿದ್ದರೆ ಧ್ವನಿ ಹೊಂಡಕ್ಕೆ ಬಿದ್ದಂತೆ ಕೇಳಿಸುತ್ತದೆ.

ಸಂಕಲನದಲ್ಲಿ ಉದ್ದ ಇಳಿಸಬೇಕಾದರೆ ಒಂದು ಪ್ರಶ್ನೆಯನ್ನೂ ಅದರ ಉತ್ತರವನ್ನೂ ಇಡಿಯಾಗಿ ತೆಗೆ. ಉತ್ತರದೊಳಗೆ ಅಲ್ಲಲ್ಲಿ ಚಿವುಟಿದರೆ ಲೇಖಕರು ಹಾಕಿದ "ಆದರೆ" ಬಿದ್ದುಹೋಗಿ ಅರ್ಥವೇ ತಿರುಗಬಹುದು. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದಂತೂ ಮೋಸ. ಎಲ್ಲ "ಆಂ", "ಅದೂ" ತೆಗೆದರೆ ಮನುಷ್ಯರೇ ಮಾತಾಡಿದಂತಿರುವುದಿಲ್ಲ, ಯೋಚಿಸುತ್ತಾ ನಿಂತ ಮೌನವನ್ನೂ ಹಾಗೇ ಉಳಿಸು. ನಡುವೆ ರೇಡಿಯೊ ಹಾಕಿದವರಿಗಾಗಿ ಎಂಟು-ಹತ್ತು ನಿಮಿಷಕ್ಕೊಮ್ಮೆ ಲೇಖಕರ ಹೆಸರು, ಪುಸ್ತಕದ ಹೆಸರು ಹೇಳು.

ಕೊನೆಯ ಪ್ರಶ್ನೆ ಮುಗಿಯಿತು ಅಂತ ಯಂತ್ರ ನಿಲ್ಲಿಸಬೇಡ. "ಇನ್ನೂ ಮುದ್ರಣವಾಗುತ್ತಿದೆ, ಬಿಟ್ಟುಹೋದದ್ದು ಏನಾದರೂ ಇದೆಯಾ?" ಅಂತ ಹೇಳಿಯೇ ಕೇಳು. ಬಿಗಿ ಸಡಿಲಿದ ಆ ಹೊತ್ತಿನಲ್ಲಿ ಒಳ್ಳೆಯ ಮಾತು ಬರುವುದುಂಟು. ಅದನ್ನು ಪ್ರಸಾರಕ್ಕೆ ಬಳಸುವ ಮುಂಚೆ ಮಾತ್ರ ಅವರ ಒಪ್ಪಿಗೆ ತಗೋ.

ಮೊದಲ ಕಂತಿನ ಕಚ್ಚಾ ಆಡಿಯೊ ಕಳಿಸು, ಕೇಳಿ ಬರೆಯುತ್ತೇನೆ.

ನಿನ್ನ ಗೆಳೆಯ