ಕುತ್ತಿಗೆ ತರಗತಿಗೆ ಬಂದವರಿಗೆ, ಕಳಿಸಿದವರಿಗೆ ನಮಸ್ಕಾರ

ದಾವಣಗೆರೆಯಲ್ಲಿ ಮೂರು ತಿಂಗಳು ನಡೆದ ಹಿರಿಯರ ಕುತ್ತಿಗೆ ವ್ಯಾಯಾಮದ ತರಗತಿ ಈ ವಾರ ಮುಗಿಯಿತು. ಫಿಸಿಯೋಥೆರಪಿ ತಂಡದ ಪರವಾಗಿ ಈ ನಾಲ್ಕು ಮಾತು.

ಮೊದಲ ನಮಸ್ಕಾರ, ‘ಕರೆಂಟ್ ಇಡಲ್ವಾ?’ ಎಂದು ಕೇಳುತ್ತಲೇ ಮನೆಯಲ್ಲಿ ವ್ಯಾಯಾಮ ಬಿಡದೆ ಮಾಡಿದ ಅಜ್ಜ-ಅಜ್ಜಿಯರಿಗೆ. ಯಂತ್ರದಿಂದ ಚರ್ಮದ ಮೇಲೆ ಕೊಡುವ ಸಣ್ಣ ಕರೆಂಟಿನಿಂದ ನೋವು ಒಂದಷ್ಟು ಹೊತ್ತು ಅಡಗುತ್ತದೆ, ಅಷ್ಟೇ. ಕತ್ತಿನ ಏಳು ಮೂಳೆಗಳ ನಡುವಿನ ಮೆತ್ತೆಗಳು ವಯಸ್ಸಾದಂತೆ ಒಣಗಿ ತೆಳುವಾಗುತ್ತವೆ, ಅದರಲ್ಲೂ ಐದರಿಂದ ಏಳನೆಯ ಮೂಳೆಯವರೆಗೆ ಹೆಚ್ಚು. ಅದನ್ನು ಯಾವ ಯಂತ್ರವೂ ಮೊದಲಿನಂತೆ ಮಾಡದು. 60 ದಾಟಿದ ಬಹುತೇಕರ ಎಕ್ಸ್‌ರೇಯಲ್ಲಿ, ನೋವೇ ಇಲ್ಲದವರಲ್ಲೂ, ಈ ಸವೆತ ಕಾಣುತ್ತದೆ. ಸುಧಾರಿಸುವುದು ಸ್ನಾಯುಗಳ ಬಲ, ಕತ್ತು ತಿರುಗುವ ಅಳತೆ. ಅದೂ ದಿನಾ ಮಾಡಿದರೆ.

ಗದ್ದ ಹಿಂದಕ್ಕೆಳೆಯುವ ವ್ಯಾಯಾಮದಲ್ಲಿ ಬಹಳ ಜನ ತಪ್ಪುತ್ತಿದ್ದರು. ತಲೆ ಬಗ್ಗಿಸಿ ಗದ್ದವನ್ನು ಎದೆಗೆ ತಾಗಿಸುವುದಲ್ಲ. ಬೆನ್ನು ನೆಟ್ಟಗಿಟ್ಟು ಕುರ್ಚಿಯಲ್ಲಿ ಕೂತು, ಎದುರಿನ ಕ್ಯಾಲೆಂಡರಿನ ಒಂದೇ ತಾರೀಕಿನ ಮೇಲೆ ಕಣ್ಣಿಟ್ಟು, ಮೇಜಿನ ಡ್ರಾಯರ್ ಒಳಗೆ ತಳ್ಳಿದ ಹಾಗೆ ಗದ್ದ ನೇರ ಹಿಂದಕ್ಕೆ ಹೋಗಬೇಕು. ಗದ್ದದ ಕೆಳಗೆ ಮಡಿಕೆ ಬಿತ್ತೆಂದರೆ ಸರಿಯಾಗಿದೆ. 5 ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಅಂಗೈಯನ್ನು ಹಣೆಗೆ ಒತ್ತುವ ವ್ಯಾಯಾಮದಲ್ಲಿ ತಲೆ ಅಲುಗಬಾರದು, ಉಸಿರು ಕಟ್ಟಬಾರದು. ಉಸಿರು ಹಿಡಿದರೆ ಬಿಪಿ ಏರುತ್ತದೆ. ಜೋರಾಗಿ ಒತ್ತಿದವರೇ ಮರುದಿನ ನೋವೆಂದು ಬಂದದ್ದು. ಕಾಲು ಭಾಗ ಬಲ ಸಾಕು.

ಕಟಿಂಗ್ ಶಾಪಿನ ಅಣ್ಣಂದಿರಿಗೆ ವಿಶೇಷ ಧನ್ಯವಾದ. ತಲೆ ಮಾಲೀಶು ಮಾಡಿ ಕೊನೆಗೆ ಕತ್ತನ್ನು ಲಟಕ್ಕನೆ ತಿರುಚಿ ನೆಟಿಗೆ ತೆಗೆಯುವ ಪದ್ಧತಿಯನ್ನು ವಯಸ್ಸಾದ ಗಿರಾಕಿಗಳ ಮಟ್ಟಿಗೆ ಕೈಬಿಟ್ಟಿದ್ದಾರೆ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ರಂಧ್ರಗಳಲ್ಲೇ ಹಾದುಹೋಗುತ್ತವೆ. ಹಠಾತ್ ತಿರುವಿಗೆ ಅವು ಸೀಳಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಉಚಿತವಾಗಿ ಸಿಗುವ ನೆಟಿಗೆಗೆ ಆ ಬೆಲೆ ಯಾಕೆ?

ಮಂಡಕ್ಕಿ ಭಟ್ಟಿಗಳಲ್ಲಿ ಅರ್ಧ ಗಂಟೆಗೊಮ್ಮೆ ಕೆಲಸ ನಿಲ್ಲಿಸಿ ಭುಜದ ಹಲಗೆಗಳನ್ನು ಹಿಂದಕ್ಕೆ ಕೂಡಿಸಲು ಬಿಟ್ಟ ಮಾಲೀಕರಿಗೂ ಋಣಿ. ಎರಡು ದಿಂಬನ್ನು ಒಂದಕ್ಕಿಳಿಸಿದ ಮನೆಯವರಿಗೂ. ಮಗ್ಗುಲಾಗಿ ಮಲಗುವವರಿಗೆ ದಿಂಬು ಭುಜ-ಕಿವಿಯ ನಡುವಿನ ಸಂದು ತುಂಬಬೇಕು, ಅಂಗಾತ ಮಲಗುವವರಿಗೆ ಅಷ್ಟೆತ್ತರ ಬೇಡ.

ತಾಯಿಯ ಬಗ್ಗೆ ‘ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗಲ್ಲ, ಬ್ಯಾಂಕಿನಲ್ಲಿ ಸಹಿ ತಾಳೆ ಆಗ್ತಿಲ್ಲ’ ಎಂದ ಮಗಳಿಗೆ ನಾವು ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಇದು ಬರೀ ಕತ್ತುನೋವಲ್ಲ, ಬೆನ್ನುಹುರಿಯೇ ಒತ್ತಿಕೊಂಡಿರುವ ಗುರುತು. ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮವನ್ನೂ, ಕತ್ತನ್ನು ಎಳೆದು ಹಿಡಿಯುವ ಚಿಕಿತ್ಸೆಯನ್ನೂ (ಟ್ರಾಕ್ಷನ್) ನಿಲ್ಲಿಸಿ, ತಡಮಾಡದೆ ನರರೋಗ ಅಥವಾ ಮೂಳೆ ತಜ್ಞರ ಬಳಿ ಹೋಗಬೇಕು.

ಇನ್ನು ಕತ್ತಿಗೆ ಶಾಖ ಕೊಡಲು ಹುರಿದ ಕಲ್ಲುಪ್ಪು ತುಂಬುವ ಚೀಲ ಹೊಲಿದುಕೊಟ್ಟ ದರ್ಜಿಯವರು. ಅಂಗಡಿಯ ಬಿಸಿನೀರಿನ ಬ್ಯಾಗಿಗಿಂತ ಇವು ಕತ್ತಿನ ತಗ್ಗಿಗೆ ಚೆನ್ನಾಗಿ ಕೂರುತ್ತವೆ. ಮುಂಗೈ ಒಳಭಾಗಕ್ಕೆ ಮುಟ್ಟಿಸಿ ಬಿಸಿ ನೋಡಿ, ಟವೆಲ್ ಸುತ್ತಿ, 15 ನಿಮಿಷ ಸಾಕು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾದವರಿಗೆ ಸುಟ್ಟರೂ ತಿಳಿಯದು. ಬಿಸಿಯನ್ನು ಮನೆಯವರೇ ನೋಡಲಿ. ಚೀಲಗಳನ್ನು ವಾಪಸ್ ಕೊಡಬೇಕಿಲ್ಲ. ಮಳೆಗಾಲದಲ್ಲಿ ಮಾತ್ರ ಉಪ್ಪನ್ನು ಬಿಸಿಲಿಗೆ ಹರವಿ ಒಣಗಿಸಿಯೇ ಹುರಿಯಿರಿ, ತೇವದ ಉಪ್ಪು ಬಾಣಲೆಯಿಂದ ಮುಖಕ್ಕೆ ಸಿಡಿಯುತ್ತದೆ.