ಹೆಜ್ಜಾರ್ಲೆಗೆ ಹುಣಸೆ ಸಸಿ ಈಗಲೇ ನೆಡಬೇಕು

ಮಾನ್ಯರೆ,

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಚಿತ್ರ ನಿಮ್ಮ ಭಾನುವಾರದ ಪುಟದಲ್ಲಿ ಬಂದಿತ್ತು. ಚಿತ್ರ ಸೊಗಸಾಗಿತ್ತು, ಆದರೆ ಆ ಹಕ್ಕಿಗಳನ್ನು ಕಾಯುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಊರು ನನ್ನ ತವರು, ಅದಕ್ಕೇ ಈ ಪತ್ರ.

ಶಿಂಷಾ ನದಿ ದಂಡೆಯ ಹಳೇ ಊರನ್ನು ಪ್ಲೇಗ್ ಕಾಲದಲ್ಲಿ ಬಿಟ್ಟು ಜನ ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎರಡನ್ನೂ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ನೋಡುತ್ತಾರೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಈ ಊರನ್ನು ಹೊರಗಿನವರ ಕಣ್ಣಿಗೆ ತಂದರು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಘೋಷಣೆಯೂ ಆಯಿತು.

ಇವೆರಡರ ನಡುವೆ, ತೊಂಬತ್ತರ ದಶಕದಲ್ಲಿ, ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿ ನಿಸರ್ಗಪ್ರಿಯರ ಸಂಘದವರು ಊರಿಗೆ ಬಂದು ಹೋಗಿ ಮಾಡತೊಡಗಿದರು. ಅವರ ಒಡನಾಟದಲ್ಲಿ ನಮ್ಮೂರ ಹುಡುಗರು ಕಟ್ಟಿಕೊಂಡದ್ದು ಹೆಜ್ಜಾರ್ಲೆ ಬಳಗ. ಹೆಜ್ಜಾರ್ಲೆ ಗೂಡೆಂದರೆ ಕಡ್ಡಿಗಳ ಅಟ್ಟಣೆ ಅಷ್ಟೆ. ಬೇಸಿಗೆಯ ಗಾಳಿಮಳೆ ಹೊಡೆದರೆ ಮರಿ ಉರುಳಿ ಬೀಳುತ್ತದೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ, ಬಿಟ್ಟರೆ ನಾಯಿ ಪಾಲು. ಬಳಗದವರು ಅದನ್ನು ಎತ್ತಿ ತಂದು ಬಲೆ ಕಟ್ಟಿದ ಆವರಣದಲ್ಲಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತಾರೆ. ಬೆಳೆಯುವ ಹೆಜ್ಜಾರ್ಲೆ ಮರಿಗೆ ಎಷ್ಟು ಮೀನು ಹಾಕಿದರೂ ಸಾಲದು. ಹೊಲದ ಕೆಲಸ ಮುಗಿಸಿ, ಕೈಕಾಲು ತೊಳೆದು, ಮತ್ತೆ ಮೀನಿನ ಬುಟ್ಟಿ ಹಿಡಿದು ಹೊರಡುವವರನ್ನು ನಾನು ಕಂಡಿದ್ದೇನೆ. 2017-18ರ ಹಂಗಾಮಿನಲ್ಲಿ ಜಂತುಹುಳುವಿನ ಬಾಧೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಈಗ ನನ್ನ ಚಿಂತೆ ಈ ಹಕ್ಕಿಗಳು ಗೂಡು ಕಟ್ಟುವ ಮರಗಳದ್ದು. ಹುಣಸೆ ಹಣ್ಣಾಗುವುದೂ ಹಕ್ಕಿ ಮರಿ ಮಾಡುವುದೂ ಒಂದೇ ಹೊತ್ತಿಗೆ. ಮರ ಬಡಿದರೆ ಗೂಡು ಉಳಿಯುವುದಿಲ್ಲವೆಂದು ಮನೆಯವರು ಹಣ್ಣು ಇಳಿಸುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಪರಿಹಾರವಿದೆ. ಮರದಡಿ ಗುಂಡಿ ತೋಡಿ, ಕೆರೆಯ ಹೂಳು ತುಂಬಿ, ಉದುರುವ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುವುದೂ ಉಂಟು. ನನ್ನಪ್ಪ ಗದ್ದೆಗೆ ಅದನ್ನೇ ಹಾಕುತ್ತಿದ್ದರು. ಆದರೆ ಮರಗಳಿಗೆ ವಯಸ್ಸಾಗಿದೆ. ನಮ್ಮ ಮನೆ ಮುಂದಿನ ಹುಣಸೆಯ ತುದಿಕೊಂಬೆಗಳು ಒಣಗಿವೆ. ಅಣ್ಣತಮ್ಮಂದಿರು ಪಾಲಾದರೆ ಹಿತ್ತಿಲ ಮರ ಹೊಸ ಮನೆಯ ಪಾಯಕ್ಕೆ ಅಡ್ಡ ಬರುತ್ತದೆ. ಇವತ್ತು ನೆಟ್ಟ ಹುಣಸೆ ಹತ್ತಾರು ಗೂಡುಗಳ ಭಾರ ಹೊರಲು ಒಂದು ತಲೆಮಾರೇ ಬೇಕು.

ಆದ್ದರಿಂದ ಪಂಚಾಯಿತಿಯವರೂ ಅರಣ್ಯ ಇಲಾಖೆಯವರೂ ಬಳಗದವರನ್ನು ಕೂರಿಸಿಕೊಂಡು, ಯಾವ ಹಿತ್ತಿಲಲ್ಲಿ, ಯಾವ ಬದುವಿನಲ್ಲಿ ಜಾಗವಿದೆಯೆಂದು ಗುರುತಿಸಿ, ಬರುವ ಮುಂಗಾರಿಗೇ ಹುಣಸೆ, ಆಲ, ಅರಳಿ ನೆಡಿಸಲಿ. ನೆಟ್ಟು ಫೋಟೊ ತೆಗೆಸಿಕೊಂಡು ಹೋದರೆ ಸಸಿ ಮೇಕೆ ಪಾಲಾಗುತ್ತದೆ. ಬೇಲಿ ಬೇಕು, ಬೇಸಿಗೆಯಲ್ಲಿ ನೀರು ಹೊರುವವರಿಗೆ ಕೂಲಿ ಬೇಕು. ಹುಣಸೆಯ ಪೇಟೆ ಬೆಲೆ ಏರಿದಾಗ ಪರಿಹಾರವೂ ಏರಬೇಕು.

ಶಿಕ್ಷಕ ಬಂಧುಗಳಲ್ಲೂ ಒಂದು ಕೋರಿಕೆ. ಶಾಲಾ ಪ್ರವಾಸದ ಬಸ್ಸು ಬೆಂಗಳೂರು ಕಡೆಯಿಂದ ಮೈಸೂರಿಗೆ ಹೋಗುವಾಗ ಮದ್ದೂರಿಗೆ ಮೊದಲು ಸಿಗುವ ರುದ್ರಾಕ್ಷಿಪುರದಲ್ಲಿ ಒಳಗೆ ತಿರುಗಲಿ. ಬರುವ ಮೊದಲೇ ಬಳಗದವರಿಗೆ ತಿಳಿಸಿ. ಮರಿಗಳಿಗೆ ಮೀನು ಹಾಕುವ ಹೊತ್ತಿಗೆ ಮಕ್ಕಳನ್ನು ಕರೆತಂದರೆ ಅವರೇ ನಿಂತು ಎಲ್ಲ ವಿವರಿಸುತ್ತಾರೆ. ಊರೊಳಗೆ ಹಾರ್ನ್ ಮಾತ್ರ ಹೊಡೆಯಬೇಡಿ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮಂಡ್ಯ