ಆ ಕಬ್ಬಿಣದ ಹಲಗೆಯ ಬೆನ್ನನ್ನೂ ನೋಡಿ

ಮಾನ್ಯರೇ,

ಫ್ರಾನ್ಸಿನ ಹಳೆಯ ಅಗ್ಗಿಷ್ಟಿಕೆಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ, ಬೆಂಕಿಯ ಹಿಂದೆ ನಿಲ್ಲಿಸುವ ಎರಕದ ಕಬ್ಬಿಣದ ಹಲಗೆಯನ್ನು ಬರೀ ಅಲಂಕಾರ ಎಂದಿದೆ. ಚಿತ್ತಾರ ಇರುವುದು ನಿಜ. ಆದರೆ ಹಲಗೆ ಇರುವುದೇ ಝಳಕ್ಕೆ ಹಿಂದಿನ ಗಾರೆ ಉದುರದಿರಲಿ, ಬೆಂಕಿ ಆರಿದ ಮೇಲೂ ಕೋಣೆ ಬೆಚ್ಚಗಿರಲಿ ಎಂದು. ಈಶಾನ್ಯ ಫ್ರಾನ್ಸಿನ ಲೊರೇನ್ ಸೀಮೆಯ ಮನೆಗಳಲ್ಲಂತೂ ಅಡುಗೆಮನೆಯ ಒಲೆಯ ಹಿಂದೆ ಗೋಡೆಯನ್ನು ಕೊರೆದು ಹಲಗೆಯನ್ನು ಕೂರಿಸುತ್ತಿದ್ದರು. ಅದರ ಬೆನ್ನು ಪಕ್ಕದ ಕೋಣೆಯ ಗೂಡಿಗೆ ತೆರೆದುಕೊಂಡು, ಅಲ್ಲಿ ಬೇರೆ ಬೆಂಕಿಯಿಲ್ಲದೆ ಶಾಖ ಕೊಡುತ್ತಿತ್ತು.

ಅಸಲಿಯೋ ನಕಲೋ ಎಂದು ಹೇಳುವುದೂ ಬೆನ್ನೇ. ಮರದ ಅಚ್ಚನ್ನು ನೆಲದ ತೇವದ ಮರಳಿಗೆ ಒತ್ತಿ ತೆಗೆದು, ಆ ಗುಳಿಗೆ ಕರಗಿದ ಕಬ್ಬಿಣ ಸುರಿಯುತ್ತಿದ್ದರು. ಮೇಲೆ ಮುಚ್ಚಳವಿಲ್ಲದ್ದರಿಂದ ಬೆನ್ನಿನಲ್ಲಿ ಏರುತಗ್ಗು, ಗುಳ್ಳೆ ಒಡೆದ ಕುಳಿ ಉಳಿಯುತ್ತವೆ. ಬೆನ್ನು ಸಪಾಟಾಗಿ, ಅಂಚು ಗ್ರೈಂಡರ್ ಹಿಡಿದಂತಿದ್ದರೆ ಅನುಮಾನಿಸಿ. ಹಳೆಯ ಹಲಗೆಯನ್ನೇ ಅಚ್ಚಾಗಿಸಿ ಎರೆದ ನಕಲು ಆರುವಾಗ ಶೇ 1ರಷ್ಟು ಕುಗ್ಗುತ್ತದೆ, 80 ಸೆಂ.ಮೀ. ಇದ್ದದ್ದು 79ರ ಆಸುಪಾಸಿಗೆ ಬರುತ್ತದೆ. ಚಿತ್ತಾರದಲ್ಲಿರುವ ಲಿಲಿ ಹೂವಿನ (ಫ್ರಾನ್ಸಿನ ರಾಜಲಾಂಛನ) ಎಸಳು ತುದಿ ಕಳೆದುಕೊಂಡು, ಬಳಸಿ ಸವೆದ ಸೋಪಿನಂತೆ ಮೊಂಡಾಗಿರುತ್ತದೆ. ಕೆತ್ತಿದ ಇಸವಿಯನ್ನು ನಂಬಬೇಡಿ. ಒಂದೇ ಅಚ್ಚನ್ನು ವರ್ಷಗಟ್ಟಲೆ ಬಳಸುತ್ತಿದ್ದರು, ಇಸವಿ ಅಚ್ಚಿನದು.

ಸ್ಯಾಂಡ್‌ಬ್ಲಾಸ್ಟಿಂಗ್ (ರಭಸದ ಮರಳಿನಿಂದ ಉಜ್ಜುವುದು) ಮಾಡಿಸಿ ಕಪ್ಪು ಬಣ್ಣ ಬಳಿಯಿರಿ ಎಂಬ ಲೇಖನದ ಸಲಹೆಯನ್ನು ದಯವಿಟ್ಟು ಹಿಂಪಡೆಯಿರಿ. 1793ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಕ್ರಾಂತಿಕಾಲದ ಶಾಸನಸಭೆಯಾದ ಕನ್ವೆನ್ಷನ್, ರಾಜಲಾಂಛನವಿರುವ ಹಲಗೆಗಳನ್ನು ಗೋಡೆಗೆ ಮುಖ ಮಾಡಿ ತಿರುಗಿಸಲು ಆಜ್ಞೆ ಹೊರಡಿಸಿತು. ಕೆಲವರು ತಿರುಗಿಸಿದರು, ಕೆಲವರು ಉಳಿ ಹಿಡಿದು ಕಿರೀಟವನ್ನೂ ಲಿಲಿಯನ್ನೂ ಕೆತ್ತಿ ಅಳಿಸಿದರು. ಆ ಉಳಿಯೇಟು ಊನವಲ್ಲ, ಇತಿಹಾಸ. ರಭಸದ ಮರಳು ಅದನ್ನೂ ಚಿತ್ತಾರದ ಮೊನೆಯನ್ನೂ ಒಟ್ಟಿಗೇ ಸವೆಸಿಬಿಡುತ್ತದೆ. ಆಸಿಡ್ಡೂ ಬೇಡ, ಎರಕದ ಸಣ್ಣ ರಂಧ್ರಗಳಲ್ಲಿ ಉಳಿದು, ಕ್ರಮೇಣ ಒಳಗಿಂದ ತುಕ್ಕು ಕಾರಿಸುತ್ತದೆ. ಒಣ ಹಿತ್ತಾಳೆ ತಂತಿಯ ಬ್ರಶ್‌ನಿಂದ ಮಸಿ ಕೆರೆದು, ಗ್ರಾಫೈಟ್ ಪೇಸ್ಟನ್ನು ತೆಳ್ಳಗೆ ಸವರಿ ಬಟ್ಟೆಯಿಂದ ಉಜ್ಜಿದರೆ ಸಾಕು.

ಕೂರಿಸುವಾಗ ಆಗುವ ಅನಾಹುತ ಇನ್ನೂ ದೊಡ್ಡದು. 80 ಸೆಂ.ಮೀ. ಚೌಕ, ಎರಡೂವರೆ ಸೆಂ.ಮೀ. ದಪ್ಪದ ಹಲಗೆ ಸುಮಾರು 115 ಕಿಲೊ ತೂಗುತ್ತದೆ. 300 ಡಿಗ್ರಿ ಕಾದರೆ ಉದ್ದಕ್ಕೂ ಅಗಲಕ್ಕೂ ಎರಡೂವರೆ ಮಿ.ಮೀ.ನಷ್ಟು ಹಿಗ್ಗುತ್ತದೆ. ನಾಲ್ಕೂ ಕಡೆ ಸಿಮೆಂಟ್ ತುಂಬಿದರೆ ಹಿಗ್ಗಲು ಜಾಗವಿಲ್ಲದೆ ಸೀಳಬಹುದು. ಕೆಳಗೆ ಇಟ್ಟಿಗೆಯ ಮೇಲೆ ನಿಲ್ಲಿಸಿ, ಎಡಬಲ ಮತ್ತು ಮೇಲೆ 5 ಮಿ.ಮೀ. ಸಂದು ಬಿಟ್ಟು, ಕಬ್ಬಿಣದ ಕೊಕ್ಕೆಗಳಿಂದ ಸಡಿಲವಾಗಿ ಹಿಡಿಸಬೇಕು. ಕಾದ ಹಲಗೆಗೆ ನೀರು ಎರಚಲೇಬಾರದು.

ಮುಂದಿನ ಸಂಚಿಕೆಯಲ್ಲಿ ಮುಖದ ಚಿತ್ರದ ಜೊತೆಗೆ ಬೆನ್ನಿನ ಚಿತ್ರವನ್ನೂ ಅಚ್ಚು ಹಾಕಿ. ಬೆನ್ನು ತೋರಿಸಲು ಒಪ್ಪದ ವ್ಯಾಪಾರಿಯ ಹತ್ತಿರ ಯಾರೂ ಹಲಗೆ ಕೊಳ್ಳಬಾರದು.

– ಹಳೆಯ ಲೋಹವಸ್ತುಗಳ ದುರಸ್ತಿಗಾರರು, ಮೈಸೂರು